ಅಸೈನ್‌ಮೆಂಟು ಅಂತ ಹೇಳಿಕೊಂಡು ಬಂದವರು

ಕಳೆದ ಭಾನುವಾರ ಬೆಳಿಗ್ಗೆ ಇಬ್ಬರು ಹುಡುಗಿಯರು ಗುಂಡ್ಲುಪೇಟೆಯ ನಮ್ಮ ಮನೆ ಗೇಟಿನ ಮುಂದೆ ನಿಂತು "ಆಂಟಿ" ಅಂತ ಕೂಗಿದರು. ಎದೆಗೆ ಅವುಚಿಕೊಂಡ ಪರೀಕ್ಷೆ ಪ್ಯಾಡು, ಅದರ ಕ್ಲಿಪ್ಪಿಗೆ ಕಚ್ಚಿಸಿದ ಜೆರಾಕ್ಸ್ ಹಾಳೆಗಳು, ಕಳೆದುಹೋಗದಿರಲಿ ಅಂತ ದಾರ ಕಟ್ಟಿ ನೇತುಹಾಕಿದ ಪೆನ್ನು. "ಚಾಮರಾಜನಗರದ ಕಾಲೇಜಿಂದ ಬಂದಿದ್ದೀವಿ ಆಂಟಿ. ಸೋಷಿಯಾಲಜಿ ಅಸೈನ್‌ಮೆಂಟು ಇದೆ, ಒಂದೆರಡು ಪ್ರಶ್ನೆ ಕೇಳಬೇಕಿತ್ತು" ಅಂದರು. ಅವ್ವ ಬಾಗಿಲಲ್ಲೇ ಇದ್ದಳು. ಅಸೈನ್‌ಮೆಂಟು ಅನ್ನುವ ಮಾತು ಕಿವಿಗೆ ಬಿದ್ದದ್ದೇ ಅವಳ ಮುಖದ ಕಳೆಯೇ ಬದಲಾಯಿತು. "ಬನ್ನಿ ಬನ್ನಿ, ಯಾಕವ್ವ ಆಚೆ ನಿಂತಿದ್ದೀರಿ, ಒಳಕ್ ಬನ್ನಿ" ಅಂತ ಚಾಪೆ ಹಾಸಿ ಕೂರಿಸಿ, ಸರಸರ ಅಡುಗೆಮನೆಗೆ ಹೋಗಿ ಬಾಣಲೆ ಇಟ್ಟು ರವೆ ಹುರಿಯತೊಡಗಿದಳು. ಹೋಗುವಾಗ ನನ್ನ ಪಕ್ಕ ಹಾದು, "ಆ ನೈಟಿ ಬಿಚ್ಚಾಕ್ಬುಟ್ಟು ಒಂದು ಒಳ್ಳೆ ಸೀರೆ ಉಟ್ಕೊ ಓಗು" ಅಂತ ಪಿಸುಗುಟ್ಟಿದಳು.

ಸರ್ವೆಗೆ ಬಂದವರಿಗೆ ಉಪ್ಪಿಟ್ಟು ಯಾಕೆ, ಅವರ ಪ್ರಶ್ನೆಗೆ ಉತ್ತರ ಹೇಳುವುದಕ್ಕೆ ನಾನು ಸೀರೆ ಯಾಕೆ ಉಡಬೇಕು ಅಂತ ನೀವು ಕೇಳುತ್ತೀರಿ. ಕೇಳಬೇಕಾದ್ದೇ. ಅದನ್ನು ಹೇಳಬೇಕಾದರೆ ನಾನು ಬಿ.ಎ. ಓದಿದ ಕಥೆ ಹೇಳಬೇಕು. ಓದಿದೆ ಅನ್ನುವುದು ದೊಡ್ಡ ಮಾತು, ಬರೆದೆ ಅನ್ನಬಹುದು.

ನಾನು ಗುಂಡ್ಲುಪೇಟೆಯಿಂದ ದಿನಾ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ ಬಿ.ಎ. ಮಾಡಿದವಳು. ಇತಿಹಾಸ, ಸಮಾಜಶಾಸ್ತ್ರ, ಮನಃಶಾಸ್ತ್ರ. ಇತಿಹಾಸ ಆ ಗುಂಪಿನ ಜೊತೆಗೇ ಬಂತು. ಸಮಾಜಶಾಸ್ತ್ರ ಸುಲಭ ಅಂತ ಸೀನಿಯರುಗಳು ಹೇಳಿದ್ದರು. ಮನಃಶಾಸ್ತ್ರವನ್ನು ಮಾತ್ರ ನಾನಾಗಿಯೇ ಆಸೆಪಟ್ಟು ತಗೊಂಡೆ. ಅದನ್ನು ಓದಿದರೆ ಎದುರಿಗೆ ಕೂತವರ ಮನಸ್ಸಿನಲ್ಲಿ ಏನಿದೆ ಅಂತ ಮುಖ ನೋಡಿಯೇ ಹೇಳಿಬಿಡಬಹುದು ಅಂದುಕೊಂಡಿದ್ದೆ. ನಮ್ಮ ಬೀದಿಯವರೂ ಹಾಗೇ ಅಂದುಕೊಂಡಿದ್ದರು. ಪಕ್ಕದ ಮನೆಯ ಅತ್ತೆಯೊಬ್ಬರು ತಮ್ಮ ಕಳೆದುಹೋದ ಬೆಳ್ಳಿ ಕಾಲುಚೈನು ಯಾರ ಹತ್ತಿರ ಇದೆ ಅಂತ ನನ್ನನ್ನು ಕೇಳಿದ್ದುಂಟು. ಸಿಲಬಸ್ಸಿನಲ್ಲಿ ಅದು ಮುಂದಿನ ಸೆಮಿಸ್ಟರಿಗೆ ಬರಬಹುದು ಅತ್ತೆ ಅಂದಿದ್ದೆ. ಎಷ್ಟು ಸೆಮಿಸ್ಟರು ಕಳೆದರೂ ಬರಲಿಲ್ಲ. ಬಂದದ್ದೆಲ್ಲ ಅಸೈನ್‌ಮೆಂಟುಗಳೇ.

ಆ ಅಸೈನ್‌ಮೆಂಟುಗಳನ್ನು ನಾನು ಬರೆಯುತ್ತಿದ್ದದ್ದು ಬಸ್ಸಿನಲ್ಲಿ. ಸೀಟು ಸಿಕ್ಕರೆ ಬರವಣಿಗೆ, ಸಿಗದಿದ್ದರೆ ನಿಂತುಕೊಂಡೇ ನಿದ್ದೆ. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಬರೆದ ಸಾಲುಗಳು ಮುತ್ತು ಪೋಣಿಸಿದ ಹಾಗೆ ದುಂಡಗಿರುತ್ತಿದ್ದವು, ಹೊರಟ ಮೇಲಿನವು ಕೋಳಿ ಕೆದರಿದ ಹಾಗೆ. ನಮ್ಮ ಮನಃಶಾಸ್ತ್ರದ ಸಾರ್ ಕನ್ನಡಕ ಹಣೆಗೇರಿಸಿ ಒಂದು ಪುಟ ಎತ್ತಿ ಹಿಡಿದು, "ನೋಡಮ್ಮ ನಾಗರತ್ನ, ಭಾವನೆಗಳ ಬಗ್ಗೆ ನೀನೇನು ಬರೆದಿದ್ದೀಯೋ ಓದೋಕೆ ಆಗ್ತಾ ಇಲ್ಲ. ಆದರೆ ಡ್ರೈವರು ಎಲ್ಲಿ ಬ್ರೇಕ್ ಹಾಕಿದ ಅಂತ ಮಾತ್ರ ಸ್ಪಷ್ಟವಾಗಿ ತಿಳೀತಾ ಇದೆ" ಅಂದಿದ್ದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ, ಅಳುವುದಕ್ಕಿಂತ ಅದು ಸಲೀಸು.

ನನ್ನ ಜೊತೆಗಾತಿ ಸೌಮ್ಯ. ಅವಳೂ ಗುಂಡ್ಲುಪೇಟೆಯವಳೇ, ಅದೇ ಬಸ್ಸು. ಒಳಗೆ ಏನು ಬರೆದಿದೆ ಅನ್ನುವುದರ ಬಗ್ಗೆ ಅವಳಿಗೆ ಯಾವತ್ತೂ ತಲೆಬಿಸಿ ಇರಲಿಲ್ಲ. ಹೊರಗೆ ಹೇಗೆ ಕಾಣುತ್ತದೆ ಅನ್ನುವುದೇ ಮುಖ್ಯ. ಪ್ರತಿ ಪುಟಕ್ಕೂ ಸ್ಕೆಚ್ ಪೆನ್ನಿನಲ್ಲಿ ಬಾರ್ಡರು, ಮೂಲೆಗೊಂದು ಗುಲಾಬಿ. ಮೆದುಳಿನ ಚಿತ್ರ ಬರೆಯಿರಿ ಅಂದಾಗ ಅವಳು ಬರೆದದ್ದು ಪಕ್ಕಾ ಹೂಕೋಸು. ನಮ್ಮದು ತರಕಾರಿ ಪೇಟೆ, ಕೈಗೆ ಬೇರೆ ಏನು ಬರಬೇಕು ಹೇಳಿ. ಕ್ಲಾಸಿನವರೆಲ್ಲ ಅವಳದನ್ನೇ ನೋಡಿಕೊಂಡು ಬರೆದರು. ಸಾರ್ ಮೇಜಿನ ಮೇಲೆ ಹೂಕೋಸಿನ ರಾಶಿ ಬಿತ್ತು.

ನೋಡಿಕೊಂಡು ಬರೆಯುವುದು ನಮ್ಮಲ್ಲಿ ಕಳ್ಳತನ ಅನ್ನಿಸಿಕೊಳ್ಳುತ್ತಿರಲಿಲ್ಲ, ಒಗ್ಗಟ್ಟು ಅನ್ನಿಸಿಕೊಳ್ಳುತ್ತಿತ್ತು. ಒಂದು ಸಲ ಸಾರ್ "ನಿಮಗೆ ಹತ್ತಿರದ ಒಬ್ಬ ವ್ಯಕ್ತಿಯನ್ನು ಗಮನಿಸಿ ಅವರ ವ್ಯಕ್ತಿತ್ವದ ಬಗ್ಗೆ ಬರೆಯಿರಿ" ಅಂದರು. ಸೌಮ್ಯ ಅವಳ ಅಜ್ಜಿಯ ಬಗ್ಗೆ ಬರೆದಳು. ಸಂಜೆಯೊಳಗೆ ಕ್ಲಾಸಿನ ಅರ್ಧಕ್ಕರ್ಧ ಜನರ ಅಜ್ಜಿಯರು ಎಲೆಅಡಿಕೆ ಹಾಕುವವರಾದರು, ಎಲ್ಲರಿಗೂ ಸಕ್ಕರೆ ಕಾಯಿಲೆ ಬಂತು, ಎಲ್ಲರಿಗೂ ಎರಡನೇ ಸೊಸೆಯನ್ನು ಕಂಡರೆ ಆಗದಾಯಿತು. ಒಬ್ಬ ಹುಡುಗನ ಅಜ್ಜಿ ಅವನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಅವರೂ ಎದ್ದು ಬಂದು ಎಲೆಅಡಿಕೆ ಹಾಕಿದರು. ಸಾರ್ ಎಲ್ಲ ಓದಿ ನಿಟ್ಟುಸಿರು ಬಿಟ್ಟು, "ಈ ಜಿಲ್ಲೆಯ ಅಜ್ಜಿಯರೆಲ್ಲ ಅವಳಿ ಜವಳಿ ಅಂತ ಕಾಣುತ್ತೆ" ಅಂದರು.

ನಾನು ಮಾತ್ರ ಅಜ್ಜಿಯ ಬಗ್ಗೆ ಬರೆಯಲಿಲ್ಲ. ಪ್ರಾಮಾಣಿಕಳು ಅಂತಲ್ಲ, ಆವತ್ತು ಸೌಮ್ಯ ಬೇರೆ ಬಸ್ಸು ಹಿಡಿದಿದ್ದಳು. ಹಾಗಾಗಿ ನಾನು ನಮ್ಮ ಅಣ್ಣ ಮಾದೇಶನ ಬಗ್ಗೆ ಬರೆದೆ.

ಅಣ್ಣನದು ವ್ಯವಸಾಯ. ಸಣ್ಣ ಈರುಳ್ಳಿ, ಅರಿಸಿನ. ಜೊತೆಗೆ ಒಂದು ಟೆಂಪೊ, ಅದರಲ್ಲಿ ತನ್ನದೂ ಅಕ್ಕಪಕ್ಕದವರದೂ ಮಾಲು ತುಂಬಿಕೊಂಡು ಪೇಟೆಗೆ ಹಾಕುತ್ತಿದ್ದ. ನಾನು ಚಿಕ್ಕವಳಿದ್ದಾಗಲೇ ಅಪ್ಪ ತೀರಿಕೊಂಡಿದ್ದರಿಂದ ಮನೆಯ ದುಡಿಮೆಯೆಲ್ಲ ಅಣ್ಣನದು, ಮನೆಯ ಮಾತೆಲ್ಲ ಅವ್ವನದು. ಅಣ್ಣ "ಊಂ" ಅನ್ನುತ್ತಿದ್ದ. ಕೇರಳದ ಲಾರಿಯವರ ಜೊತೆ ಮಾತ್ರ ಅವನು ಬಾಯಿಬಿಟ್ಟು ಮಾತಾಡುತ್ತಿದ್ದದ್ದು, ಅದೂ ಅವನಿಗೆ ಬರುತ್ತಿದ್ದ ಮಲಯಾಳವೆಲ್ಲ "ವೇಂಡ" ಮತ್ತು "ಮತಿ". ಬೇಡ, ಸಾಕು. ಆ ಎರಡು ಮಾತಿನಲ್ಲಿ ಅವನು ಜೀವನ ಸಾಗಿಸುತ್ತಿದ್ದ.

ಅಣ್ಣನಿಗೆ ಹೆಣ್ಣು ಸಿಗುತ್ತಿರಲಿಲ್ಲ. ನಮ್ಮ ಕಡೆ ಈಗಲೂ ಇದೇ ಪಾಡು: ಹುಡುಗ ವ್ಯವಸಾಯ ಅಂದರೆ ಹೆಣ್ಣು ಹೆತ್ತವರು ಕಾಫಿ ಲೋಟ ಕೆಳಗಿಡುವ ಮೊದಲೇ ಎದ್ದುಬಿಡುತ್ತಾರೆ. ಅಣ್ಣನ ಜೊತೆಯವರ ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದರು. ಅವ್ವ ಬೆಟ್ಟದ ಮಾದಪ್ಪನಿಗೆ ಹೊರದ ಹರಕೆಯಿರಲಿಲ್ಲ. ಒಂದೊಂದು ಸಂಬಂಧ ತಪ್ಪಿದಾಗಲೂ ಅಣ್ಣ ಒಂದು ಮಾತೂ ಆಡದೆ ಲುಂಗಿ ಎತ್ತಿ ಕಟ್ಟಿ, ಬೋರ್‌ವೆಲ್ಲಿನ ಪೈಪು ಹಿಡಿದು ಟೆಂಪೊ ತೊಳೆಯುತ್ತಿದ್ದ. ಚಕ್ರದ ಸಂದಿಯ ಮಣ್ಣನ್ನೂ ಕಡ್ಡಿಯಲ್ಲಿ ಕೆರೆದು ತೆಗೆಯುತ್ತಿದ್ದ. ಮಾರನೆಯ ದಿನ ಪೇಟೆಯಲ್ಲಿ ಟೆಂಪೊ ಫಳಫಳ ಹೊಳೆಯುತ್ತಾ ನಿಂತರೆ, ಹಮಾಲಿಗಳು ಮುಖ ಮುಖ ನೋಡಿಕೊಂಡು, "ಪಾಪ, ಮಾದೇಶಂದು ಇನ್ನೊಂದು ತಪ್ಪೋಯ್ತು ಕಣ್ಲಾ" ಅಂದುಕೊಳ್ಳುತ್ತಿದ್ದರು.

ನಾನು ಇದನ್ನೆಲ್ಲ ಬರೆದೆ. ಸಾರ್ ಅದರ ಕೆಳಗೆ, "ಇದು ವಾಹನದ ಅಧ್ಯಯನ. ವ್ಯಕ್ತಿಯ ಅಧ್ಯಯನ ಎಲ್ಲಿ?" ಅಂತ ಕೆಂಪಿಂಕಿನಲ್ಲಿ ಬರೆದು ವಾಪಸು ಕೊಟ್ಟರು. ನನಗೆ ಬಹಳ ಬೇಜಾರಾಯಿತು. ವ್ಯಕ್ತಿ ಅದರೊಳಗೇ ಇದ್ದ.

ಇನ್ನು ಸಮಾಜಶಾಸ್ತ್ರದ ಮೇಡಂ. ತೆಳ್ಳಗೆ, ಬೆಳ್ಳಗೆ, ಯಾವಾಗಲೂ ಕಾಟನ್ ಸೀರೆ. "ಬದಲಾಗುತ್ತಿರುವ ಗ್ರಾಮೀಣ ಕುಟುಂಬ" ಅನ್ನುವ ವಿಷಯ ಕೊಟ್ಟು, ಉದ್ದದ ಪ್ರಶ್ನಾವಳಿಯೊಂದನ್ನು ಕೈಗಿಟ್ಟರು. ಮನೆಯಲ್ಲಿ ಎಷ್ಟು ಜನ, ಜಮೀನು ಎಷ್ಟು, ನೀರಾವರಿ ಇದೆಯೇ, ಮಕ್ಕಳೇನು ಓದಿದ್ದಾರೆ, ಮದುವೆಯಾಗದವರು ಎಷ್ಟು, ಮನೆಗೆಲಸದಲ್ಲಿ ಗಂಡಸರು ಕೈಜೋಡಿಸುತ್ತಾರೆಯೇ, ಕುಟುಂಬದ ಮುಖ್ಯ ತೀರ್ಮಾನಗಳನ್ನು ತೆಗೆದುಕೊಳ್ಳುವವರು ಯಾರು. "ನಿಮ್ಮ ನಿಮ್ಮ ಊರು ಬೇಡ. ನಿಮ್ಮೂರಾದರೆ ಮನೇಲೇ ಕೂತು ತುಂಬಿಬಿಡ್ತೀರಿ, ನನಗೆ ಗೊತ್ತು. ಮತ್ತೆ ನೆನಪಿರಲಿ, ಸಂಶೋಧಕರು ತಟಸ್ಥವಾಗಿರಬೇಕು. ಕೇಳಬೇಕು, ಬರೆದುಕೊಳ್ಳಬೇಕು, ಮೂಗು ತೂರಿಸಬಾರದು" ಅಂದರು.

ಸೌಮ್ಯಳ ಚಿಕ್ಕಮ್ಮ ಸಂತೆಮರಹಳ್ಳಿಯಲ್ಲಿದ್ದರು. ಬಸ್ಸು ನಿಲ್ಲುತ್ತದೆ, ಮಧ್ಯಾಹ್ನ ಊಟವೂ ಆಗುತ್ತದೆ ಅಂತ ಅಲ್ಲಿಗೇ ಹೋಗುವುದು ಅಂತಾಯಿತು. ಹಿಂದಿನ ದಿನ ನಾನು ಪ್ರಶ್ನಾವಳಿ ಓದುತ್ತಿದ್ದರೆ ಅವ್ವ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡಳು. ಕೈ ನಿಂತಿತು.

"ಇನ್ನೊಂದ್ ಸಲ ಓದು" ಅಂದಳು. ಓದಿದೆ.

"ಇಷ್ಟೆಲ್ಲಾನೂ ಕೇಳಕ್ಕೆ ನಿಮ್ ಕಾಲೇಜ್ನೋರೇ ಕಳುಸ್ತಾರಾ?"

"ಊಂ."

"ಅಯ್ಯೋ ಶಿವನೇ! ದಲ್ಲಾಳಿಗಳು ಕೇಳಕ್ಕೆ ಹೆದ್ರಾದನ್ನೆಲ್ಲಾ ಕೇಳವ್ರಲ್ಲಮ್ಮಿ. ಅಂಗೇ ಇನ್ನೆರಡು ಸೇರಿಸ್ಕೊ. ಮದ್ವೆಗೆ ಬಂದಿರ ಎಣ್ಮಕ್ಳು ಅವ್ರಾ, ರೈತರ ಮನೆಗೆ ಕೊಡ್ತೀರಾ ಅಂತ."

"ಆಗಲ್ಲ ಕಣವ್ವ. ಸಂಶೋಧಕರು ತಟಸ್ಥವಾಗಿರಬೇಕು."

"ನೀ ತಟಸ್ತವಾಗೇ ಇರು, ಯಾರ್ ಬ್ಯಾಡ ಅಂದ್ರು? ಕಣ್ಣೊಂದು ಬುಟ್ಕಂಡಿರು ಸಾಕು."

ನಾನು ಖಡಾಖಂಡಿತವಾಗಿ ಆಗಲ್ಲ ಅಂದೆ. ನನ್ನ ತಟಸ್ಥತೆಯ ಬಗ್ಗೆ ಆ ರಾತ್ರಿ ನನಗೇ ಬಹಳ ಹೆಮ್ಮೆಯಾಗಿತ್ತು.

ಸಂತೆಮರಹಳ್ಳಿಯಲ್ಲಿ ಮೊದಲ ಮನೆಯವರು ನಾವು ರೇಷನ್ ಕಾರ್ಡು ಕಿತ್ತುಕೊಳ್ಳಲು ಬಂದವರು ಅಂದುಕೊಂಡು ಟಿವಿಗೆ ಬೆಡ್‌ಶೀಟು ಹೊದಿಸಿದರು. ಎರಡನೆಯ ಮನೆಯವರು ಸಾಲ ಕೊಡುವ ಸಂಘದವರು ಅಂದುಕೊಂಡು ಬಹಳ ಮರ್ಯಾದೆ ಮಾಡಿದರು. ಮೂರನೆಯ ಮನೆಯ ಜಗಲಿಯಲ್ಲಿ ಒಬ್ಬರು ಅಜ್ಜಿ ಕಾಲು ಚಾಚಿ ಕೂತಿದ್ದರು. ನಾನು ಪ್ಯಾಡು ತೆಗೆದು, "ಅಜ್ಜಿ, ನಿಮ್ಮನೇಲಿ ಎಷ್ಟು ಜನ?" ಅಂದೆ.

"ನೀನು ಯಾರ ಮಗಳಮ್ಮಿ?" ಅಂದರು ಅಜ್ಜಿ.

ಇದೊಂದು ತೊಡಕು ಮೇಡಮ್ಮಿಗೆ ಗೊತ್ತಿರಲಿಲ್ಲ. ನಮ್ಮ ಕಡೆ ಪ್ರಶ್ನೆ ಕೇಳಲು ಬಂದವರು ಮೊದಲು ಉತ್ತರ ಹೇಳಬೇಕು. ಯಾವೂರು, ಯಾರ ಮಗಳು, ಅವ್ವನ ತವರು ಯಾವುದು. ನಾನು ಹೇಳುತ್ತಾ ಹೋದೆ, ಅಜ್ಜಿ ಎಳೆ ಹಿಡಿದು ಎಳೆಯುತ್ತಾ ಹೋಗಿ, ಕೊನೆಗೆ ನನ್ನ ಸೋದರಮಾವನ ಹೆಂಡತಿ ಅವರ ತಮ್ಮನ ಬೀಗರ ಮಗಳು ಅಂತ ಪತ್ತೆ ಹಚ್ಚಿಬಿಟ್ಟರು.

"ಅಣ್ಣ ತಮ್ಮ?"

"ಅಣ್ಣ ಒಬ್ಬ ಅವ್ನೆ ಅಜ್ಜಿ. ವ್ಯವಸಾಯ, ಟೆಂಪೊ ಅದೆ."

"ಮದ್ವೆ?"

"ಇನ್ನೂ ಇಲ್ಲ."

ಅಜ್ಜಿ ಒಂದು ಸಲ ನನ್ನನ್ನು, ಒಂದು ಸಲ ಸೌಮ್ಯಳನ್ನು ನೋಡಿದರು. ಆಮೇಲೆ ಒಳಗೆ ತಿರುಗಿ ಕೂಗಿದರು: "ಏನಮ್ಮಿ, ರವೆ ಉರಿ! ಶೋಭಂಗೆ ಮೊಖ ತೊಳ್ಕಳಕ್ಕೆ ಏಳು!"

ನಮಗೆ ಆಗಲೂ ಬುದ್ಧಿ ಓಡಲಿಲ್ಲ. ಹಳ್ಳಿಯವರು ಎಷ್ಟು ಒಳ್ಳೆಯವರು ಅಂತ ಸೌಮ್ಯ ನನ್ನ ಕಿವಿಯಲ್ಲಿ ಹೇಳಿದಳು. ಉಪ್ಪಿಟ್ಟು ಬಂತು, ಮೇಲೆ ತುಪ್ಪ. ಬಾಳೆಹಣ್ಣು ಬಂತು. ಹೊಸ ಜಮಖಾನ ಬಂತು. ಮನೆಯ ಯಜಮಾನರು, ಶೋಭಾಳ ಅಪ್ಪ, ಅಂಗಿ ತೊಟ್ಟುಕೊಳ್ಳುತ್ತಾ ಬಂದು ನಮ್ಮೆದುರು ಕೂತು ಸುಮ್ಮನೆ ಗಂಟಲು ಸರಿಮಾಡಿಕೊಂಡಾಗ ಇದು ಹೆಣ್ಣು ತೋರಿಸುವ ಸಡಗರ ಅಂತ ನನಗೆ ಹೊಳೆಯಿತು.

ನಮ್ಮ ಕಡೆ ಹೆಣ್ಣು ನೋಡಲು ಬರುವವರು ಮೊದಲ ಸಲ ಹೆಣ್ಣು ನೋಡಲು ಅಂತ ಹೇಳಿಕೊಂಡು ಬರುವುದಿಲ್ಲ. ಬಿತ್ತನೆ ಅರಿಸಿನ ಸಿಗುತ್ತದಾ ಅಂತ ಬರುತ್ತಾರೆ. ಹಸು ಮಾರುತ್ತೀರಂತಲ್ಲ ಅಂತ ಬರುತ್ತಾರೆ. ಗಂಡಿನ ಕಡೆಯ ಹೆಂಗಸರೇ ಸಾಮಾನ್ಯವಾಗಿ ಮೊದಲು ಬಂದು ಹುಡುಗಿಯನ್ನು ಕಣ್ಣಲ್ಲೇ ಅಳೆದು ಹೋಗುವುದು. ಒಪ್ಪಿಗೆಯಾಗದಿದ್ದರೆ ಯಾರಿಗೂ ಮುಖಭಂಗವಿಲ್ಲ. ಅರಿಸಿನ ಹೊಂದಲಿಲ್ಲ, ಅಷ್ಟೇ.

"ಅಜ್ಜಿ, ನಾವು ನಿಜವಾಗ್ಲೂ ಅಸೈನ್‌ಮೆಂಟಿಗೇ ಬಂದಿರೋದು" ಅಂದೆ ನಾನು.

"ಊಂ ಕಣವ್ವ, ನಾನೇನ್ ಇಲ್ಲ ಅಂದ್ನಾ?" ಅಂದರು ಅಜ್ಜಿ, ಬೊಚ್ಚು ಬಾಯಿ ತುಂಬ ನಗುತ್ತಾ. "ನನ್ನ ನೋಡಕ್ಕೆ ಬಂದಾಗ ನಮ್ಮತ್ತೆ ಕಳ್ದೋದ ಎಮ್ಮೆ ಉಡುಕ್ಕೊಂಡು ಬಂದಿದ್ರು. ಮದ್ವೆ ಆಗಿ ಓಗಿ ನೋಡ್ತೀನಿ, ಅವರ ಕೊಟ್ಟಿಗೇಲಿ ಎಮ್ಮೆನೇ ಇಲ್ಲ!"

ನಾನು ಅಲ್ಲ ಅಲ್ಲ ಅಂದಷ್ಟೂ ಅವರ ನಂಬಿಕೆ ಗಟ್ಟಿಯಾಗುತ್ತಾ ಹೋಯಿತು. ಸೌಮ್ಯ ಉಪ್ಪಿಟ್ಟು ತಿನ್ನುತ್ತಾ ನನ್ನ ಸಹಾಯಕ್ಕೆ ಬರಲೇ ಇಲ್ಲ. ಹುಡುಗಿ ಹಿತ್ತಿಲಲ್ಲಿ ರೇಷ್ಮೆ ಹುಳುಮನೆ ಹತ್ತಿರ ಇದ್ದಾಳೆ, ಕರೆದರೆ ಬರುತ್ತಿಲ್ಲ, ನೀನೇ ಹೋಗಿ ಮಾತಾಡಿಸು ಅಂತ ಅಜ್ಜಿ ನನ್ನನ್ನು ಎಬ್ಬಿಸಿ ಕಳಿಸಿದರು.

ಶೋಭಾ ಹಿತ್ತಿಲಲ್ಲಿ ಕೂತು ಹಿಪ್ಪುನೇರಳೆ ಕಡ್ಡಿಗಳನ್ನು ಕತ್ತರಿಸುತ್ತಿದ್ದಳು. ನನಗಿಂತ ದೊಡ್ಡವಳು. ಮುಖ ತೊಳೆದಿರಲಿಲ್ಲ. ತಲೆಯೆತ್ತದೆ ಮಾತಾಡಿದಳು.

"ಉಪ್ಪಿಟ್ಟು ತಿಂದ್ರಾ?"

"ತಿಂದ್ವಿ ಅಕ್ಕ."

"ಸರಿ ಅಂಗಾದ್ರೆ, ಓಗಿ. ಅರಿಸಿನ ಹೊಂದ್ನಿಲ್ಲ ಅಂತ ಏಳ್ಬುಡಿ. ಹುಳ ಹಣ್ಣಾಗಿ ಗೂಡು ಕಟ್ಟಾ ಹೊತ್ತು ಇದು, ನಂಗೆ ರೇಷ್ಮೆ ಸೀರೆ ಉಟ್ಕೊಂಡು ಕುಂತ್ಕಳಕ್ಕೆ ಪುರುಸೊತ್ತಿಲ್ಲ."

ನನಗೆ ಅಳು ಬರುವ ಹಾಗಾಯಿತು. ಮೇಡಂ ಆಣೆಗೂ ಇದು ಅಸೈನ್‌ಮೆಂಟೇ ಅಕ್ಕ, ಮಾಡದಿದ್ದರೆ ಇಂಟರ್ನಲ್ ಮಾರ್ಕ್ಸ್ ಹೋಗುತ್ತದೆ ಅಂದೆ. ಅವಳು ಕೈ ಒರೆಸಿಕೊಂಡು ಪ್ಯಾಡು ಕಿತ್ತುಕೊಂಡಳು. ಒಂದೊಂದೇ ಪ್ರಶ್ನೆ ಓದಿದಳು. ಕಾಲೇಜಿನ ಹೆಸರು, ಮೇಡಂ ಸಹಿ ನೋಡಿದಳು. ಆಮೇಲೆ ನಗಲು ಶುರುಮಾಡಿದವಳು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವ ತನಕ ನಕ್ಕಳು.

"ನಿಜವಾಗ್ಲೂ ಅಸೈನ್‌ಮೆಂಟೇಯಾ! ಅಯ್ಯೋ, ನಮ್ಮಜ್ಜಿಗೆ ಗೊತ್ತಾದ್ರೆ ಉಪ್ಪಿಟ್ಟು ವಾಪಸ್ ಕೇಳ್ತಳೆ ಕಣಮ್ಮಿ." ನಗು ನಿಂತ ಮೇಲೆ ಪ್ಯಾಡನ್ನು ಇನ್ನೊಂದು ಸಲ ನೋಡಿ ಕೇಳಿದಳು, "ಅಲ್ಲಾ, ಅಣ್ಣ ಇರದಾದ್ರೂ ನಿಜವಾ?"

"ನಿಜ."

"ಕುಂತ್ಕೊ ಅಂಗಾದ್ರೆ. ನನ್ನ ನೋಡಕ್ಕೆ ಬಂದೋರೆಲ್ಲಾ ಇಂಥವೇ ಪ್ರಶ್ನೆ ಕೇಳವ್ರೆ. ನಾನು ಒಬ್ರುನ್ನೂ ಒಂದೂ ಕೇಳಿಲ್ಲ. ಈಗ ನಾ ಕೇಳ್ತೀನಿ, ನೀನೇಳು."

ಹೀಗೆ ನನ್ನ ಪ್ರಶ್ನಾವಳಿ ನನ್ನ ಕಡೆಗೇ ತಿರುಗಿತು. ಸಮಾಜಶಾಸ್ತ್ರದ ಪ್ರಶ್ನೆಗೆ ನಾನು ಮನಃಶಾಸ್ತ್ರದ ಅಸೈನ್‌ಮೆಂಟಿನಿಂದ ಉತ್ತರ ಕೊಟ್ಟೆ. ಅಣ್ಣನನ್ನು ಗಮನಿಸಿ ಬರೆದದ್ದು ಬಾಯಿಪಾಠವಾಗಿತ್ತು. ಮನೆಗೆಲಸದಲ್ಲಿ ಗಂಡಸರು ಕೈಜೋಡಿಸುತ್ತಾರೆಯೇ? ಟೀ ಚೆನ್ನಾಗಿ ಮಾಡುತ್ತಾನೆ, ಉಂಡ ತಟ್ಟೆ ತೊಳೆಯುತ್ತಾನೆ, ಆದರೆ ಅವ್ವ ನೋಡದಿದ್ದಾಗ ಮಾತ್ರ. ಮಾತು? ಬೇಡ, ಸಾಕು, ಎರಡೇ. ಸಿಟ್ಟು? ಕಂಡಿಲ್ಲ. ದುಃಖವಾದರೆ? ಟೆಂಪೊ ತೊಳೆಯುತ್ತಾನೆ.

ಶೋಭಾಳ ಕೈಯ ಕಡ್ಡಿ ಹಾಗೇ ನಿಂತಿತು. "ಟೆಂಪೊ ತೊಳೀತಾನಾ?"

ನಾನು ಪೂರ್ತಿ ಹೇಳಿದೆ. ಚಕ್ರದ ಸಂದಿ, ಕಡ್ಡಿ, ಪೇಟೆಯ ಹಮಾಲಿಗಳು, ಎಲ್ಲ. ಈ ಸಲ ಅವಳು ನಗಲಿಲ್ಲ. ಕಡ್ಡಿ ಕೆಳಗಿಟ್ಟು, "ಮನೇಲಿ ತೀರ್ಮಾನ ಯಾರ್ದು?" ಅಂತ ಕೊನೆಯ ಪ್ರಶ್ನೆ ಕೇಳಿದಳು.

"ಅವ್ವಂದು. ಅಣ್ಣ ಊಂ ಅಂತನೆ."

"ನೀನು?"

"ನನ್ನ ಯಾರು ಕೇಳ್ತರೆ ಅಕ್ಕ?"

ಆಮೇಲೆ ಪ್ಯಾಡು ವಾಪಸು ಇಸಿದುಕೊಂಡು ಅವರ ಮನೆಯ ವಿವರ ಬರೆದುಕೊಂಡೆ. ಎಲ್ಲಕ್ಕೂ ಚಟಪಟ ಉತ್ತರ ಕೊಟ್ಟಳು. ಕೊನೆಯದು ಬಂದಾಗ, "ಅದೊಂದು ಖಾಲಿ ಬುಡು" ಅಂದಳು.

"ಖಾಲಿ ಬುಟ್ರೆ ಮಾರ್ಕ್ಸ್ ಕಳೀತಾರೆ ಅಕ್ಕ."

"ಕಳೀಲಿ ಬುಡು. ನಮ್ಮನೇಲಿ ಅದು ಇನ್ನೂ ತೀರ್ಮಾನ ಆಗಿಲ್ಲ."

ಮೇಡಂ ಕಳೆದರು. ಆ ಖಾಲಿ ಜಾಗಕ್ಕೆ ಕೆಂಪಿಂಕಿನಲ್ಲಿ ಸುತ್ತು ಹಾಕಿ "ಮಾಹಿತಿ ಅಪೂರ್ಣ" ಅಂತ ಬರೆದರು. ಮನೆಯಲ್ಲಿ ನಾನು ಯಾವುದನ್ನೂ ಬಾಯಿಬಿಡಲಿಲ್ಲ. ಹೇಳಿದರೆ ಅವ್ವ ಮಾರನೆಯ ದಿನವೇ ಛತ್ರ ನೋಡಲು ಹೊರಡುತ್ತಿದ್ದಳು.

ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಇಬ್ಬರು ಹಿರಿಯರು ನಮ್ಮ ಮನೆ ಹುಡುಕಿಕೊಂಡು ಬಂದರು. "ಬಿತ್ತನೆ ಅರಿಸಿನ ಅದೆಯಂತಲ್ಲಾ?" ಅಂದರು. ಒಬ್ಬರ ಗುರುತು ನನಗೆ ಕೂಡಲೇ ಸಿಕ್ಕಿತು. ಶೋಭಾಳ ಅಪ್ಪ. ಇನ್ನೊಬ್ಬರು ಅವಳ ಚಿಕ್ಕಪ್ಪ ಇರಬೇಕು. ಅವ್ವನಿಗೆ ಯಾರೂ ಹೇಳಬೇಕಾಗಿರಲಿಲ್ಲ. "ಬಿತ್ತನೆ ನೋಡಕ್ಕೆ ಇಸ್ತ್ರಿ ಪಂಚೆ ಉಟ್ಕೊಂಡು ಯಾರಮ್ಮಿ ಬತ್ತಾರೆ?" ಅಂತ ನನ್ನ ಕೈ ಹಿಂಡಿ, ರವೆ ಡಬ್ಬ ಇಳಿಸಲು ಓಡಿದಳು.

ಮನೆಯಲ್ಲಿ ವಿಷಯ ಗೊತ್ತಿಲ್ಲದವನು ಅಣ್ಣ ಒಬ್ಬನೇ. ಬಿತ್ತನೆ ಅಂದರು, ಅವನು ಬಿತ್ತನೆ ಅಂತಲೇ ತಿಳಿದ. ನೇರ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಗೋಣಿತಾಟು ಸರಿಸಿ ಗೆಡ್ಡೆ ತೋರಿಸಿದ. ನಾನು ಮತ್ತು ಅವ್ವ ಅಡುಗೆಮನೆ ಕಿಟಕಿಯಲ್ಲಿ.

"ಚೆನ್ನಾಗದೆ" ಅಂದರು ಶೋಭಾಳ ಅಪ್ಪ, ಗೆಡ್ಡೆ ನೋಡದೆ ಅಣ್ಣನನ್ನೇ ನೋಡುತ್ತಾ.

"ಎಲ್ಲಿ ಚೆನ್ನಾಗದೆ?" ಅಂದ ಅಣ್ಣ. ಒಂದು ಗೆಡ್ಡೆ ಮುರಿದು ಅವರ ಮೂಗಿನ ಹತ್ತಿರ ಹಿಡಿದ. "ಈ ಸಲ ಕೊಳೆ ಬಿದ್ಬುಟ್ಟದೆ. ಮೇಲೆ ಚೆಂದ ಕಾಣ್ತದೆ, ಒಳಗೆ ಇಲ್ಲ. ತಗಬೇಡಿ."

"ಇರ್ಲಿ ಬುಡಪ್ಪ, ಒಂದ್ ಚೀಲ..."

"ಬ್ಯಾಡ ಅಂದ್ನಲ್ಲಾ ಯಜಮಾನ್ರೆ. ಇದ ಬಿತ್ತಿ ವರ್ಷ ಎಲ್ಲಾ ಬೈಕಬೇಕಾ ನನ್ನ? ಅಗೋ, ಆ ಬೀದಿ ಕೊನೆ ಮನೇಲಿ ಒಳ್ಳೆ ಮಾಲದೆ. ಬನ್ನಿ, ನಾನೇ ತೋರುಸ್ತೀನಿ."

ಅಷ್ಟು ಉದ್ದದ ಮಾತನ್ನು ಅಣ್ಣ ಆಡಿದ್ದು ನಾನು ಕೇಳಿದ್ದು ಅದೇ ಮೊದಲು. ಆಡಬಾರದ ಹೊತ್ತಿನಲ್ಲಿ ಆಡಿದ್ದ. ಅವರನ್ನು ಕೈಹಿಡಿದು ಗೇಟು ದಾಟಿಸಿ, ಬೀದಿ ಕೊನೆಯ ಮನೆಗೆ ಕರೆದುಕೊಂಡು ಹೊರಟೇಬಿಟ್ಟ. ಆ ಮನೆಯಲ್ಲೂ ಮದುವೆಗೆ ಬಂದ ಹುಡುಗನಿದ್ದ! ಅವ್ವ ಸೌಟು ಹಿಡಿದುಕೊಂಡೇ ಹಣೆ ಹಣೆ ಚಚ್ಚಿಕೊಂಡಳು. ಉಪ್ಪಿಟ್ಟು ಒಲೆಯ ಮೇಲೆ ಸೀದಿತು.

ಅಣ್ಣ ವಾಪಸು ಬಂದಾಗ ಅವ್ವ ಅಳುತ್ತಾ ಎಲ್ಲ ಬಿಡಿಸಿ ಹೇಳಿದಳು. ಯಾವೂರು, ಯಾರು ಅಂತ ನಾನೂ ಸಂತೆಮರಹಳ್ಳಿಯ ಕಥೆ ಒಪ್ಪಿಸಿದೆ. ಅಣ್ಣನ ಮುಖ ಸಣ್ಣದಾಯಿತು. "ನಂಗೇನ್ ಗೊತ್ತವ್ವ. ಅರಿಸಿನ ಅಂದ್ರು" ಅಂದ. ಲುಂಗಿ ಎತ್ತಿ ಕಟ್ಟಿ ಪೈಪು ತಗೊಂಡ. ನೀರಿನ ಸದ್ದು ಕೇಳುತ್ತಾ ನಾನು ಒಳಗೆ ಕೂತು ಅತ್ತೆ. ಮನಃಶಾಸ್ತ್ರ ಓದಿದವಳಿಗೆ ಆ ಸದ್ದಿನ ಅರ್ಥ ಚೆನ್ನಾಗಿ ಗೊತ್ತಿತ್ತು, ಏನು ಮಾಡಬೇಕು ಅನ್ನುವುದು ಸಿಲಬಸ್ಸಿನಲ್ಲಿ ಇರಲಿಲ್ಲ.

ಮಾರನೆಯ ದಿನ ಸಂಜೆ ಅವ್ವನ ಫೋನಿಗೆ ಕರೆ ಬಂತು. ಸ್ಪೀಕರಿಗೆ ಹಾಕಿದಳು. ಶೋಭಾಳ ಅಪ್ಪ. "ತಾಯಿ, ನಿಮ್ಮ ಹುಡುಗ ಅರಿಸಿನ ಬ್ಯಾಡ ಅಂದ್ಬುಟ್ಟ. ಮನೇಗ್ ಬಂದು ಏಳ್ದೆ. ನಮ್ಮ ಹುಡುಗಿ ಎಲ್ಲಾ ಕೇಳ್ಕಂಡು, ಈ ಮನೇಗಾದ್ರೆ ಆಗ್ಬೋದು ಅಂದ್ಳು. ಇಷ್ಟು ವರ್ಷದಲ್ಲಿ ಅವಳು ಊಂ ಅಂದಿದ್ದು ಇದೊಂದ್ಕೇಯ. ನೀವೇನಂತೀರಿ?"

ಅವ್ವ ಬಾಯಿ ತೆರೆದಳು. ಊಂ ಅನ್ನುವುದೊಂದೇ ಬಾಕಿ. ಆಗ ಅಣ್ಣ ಅಡ್ಡ ಕೈ ಹಿಡಿದ. ಅವನು ಅವ್ವನ ಮಾತಿಗೆ ಅಡ್ಡ ಬಂದದ್ದನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ.

"ಪುಟ್ಟಿನ ಕೇಳವ್ವ" ಅಂದ. "ಆ ಹುಡುಗಿ ಜೊತೇಲಿ ಕುಂತು ಮಾತಾಡಿರಾಳು ಅವಳೇಯ. ಅವಳು ಏಳ್ದಂಗೆ."

ಇಬ್ಬರೂ ನನ್ನ ಕಡೆ ತಿರುಗಿದರು. ಫೋನಿನಲ್ಲಿ ಸಂತೆಮರಹಳ್ಳಿಯವರೂ ಕಾಯುತ್ತಿದ್ದರು. ಆ ಮನೆಯಲ್ಲಿ ಅಲ್ಲಿಯ ತನಕ ಇವತ್ತು ಏನು ಸಾರು ಮಾಡೋಣ ಅಂತಲೂ ನನ್ನನ್ನು ಯಾರೂ ಕೇಳಿದವರಿರಲಿಲ್ಲ. ತಟಸ್ಥತೆಯನ್ನೆಲ್ಲ ಮೇಡಮ್ಮಿಗೇ ಬಿಟ್ಟು, "ಆಗ್ಲಿ ಅನ್ನವ್ವ. ಬೇಗ ಅನ್ನು" ಅಂದೆ.

ಆಯಿತು. ಶೋಭಕ್ಕ ಅತ್ತಿಗೆಯಾಗಿ ಬಂದಳು. ಅಣ್ಣ ಈಗ ಅವ್ವ ನೋಡುತ್ತಿದ್ದರೂ ತಟ್ಟೆ ತೊಳೆಯುತ್ತಾನೆ. ಟೆಂಪೊ ಮಾತ್ರ ಬಣ್ಣವೇ ಕಾಣದ ಹಾಗೆ ಕೆಸರು ಮೆತ್ತಿಕೊಂಡಿರುತ್ತದೆ. ನೋಡಿದರೆ ಅಸಹ್ಯ ಆಗಬೇಕು, ನನಗೆ ಖುಷಿಯಾಗುತ್ತದೆ. ನಾನು ಬಿ.ಎಡ್. ಮುಗಿಸಿ ಚಾಮರಾಜನಗರದ ಒಂದು ಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಅದೇ ಬಸ್ಸು, ಈಗ ಅದರಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತೇನೆ, ನನ್ನ ಕೆಂಪಿಂಕೂ ತೆರಕಣಾಂಬಿಯ ತನಕ ಕುಣಿಯುತ್ತದೆ. ನನಗಿನ್ನೂ ಮದುವೆಯಾಗಿಲ್ಲ. ಅವ್ವನ ಹರಕೆಗಳೆಲ್ಲ ಅಣ್ಣನಿಂದ ನನಗೆ ವರ್ಗವಾಗಿವೆ.

ಈಗ ತಿಳಿಯಿತಲ್ಲ, ಭಾನುವಾರ ಅವ್ವ ಯಾಕೆ ರವೆ ಹುರಿದಳು ಅಂತ. ನಮ್ಮ ಮನೆಯಲ್ಲಿ ಅಸೈನ್‌ಮೆಂಟು ಅಂದರೆ ಅರ್ಥ ಒಂದೇ.

ನಾನು ನೈಟಿಯಲ್ಲೇ ಇದ್ದೆ, ಹಟಕ್ಕೆ. ಹುಡುಗಿಯರು ಒಂದೊಂದೇ ಪ್ರಶ್ನೆ ಕೇಳಿದರು, ಅತ್ತಿಗೆ ಚಟಪಟ ಉತ್ತರ ಹೇಳಿದಳು. ಅದೇ ಪ್ರಶ್ನೆಗಳು, ಅದೇ ಮೇಡಂ ಸಹಿ, ಜೆರಾಕ್ಸು ಮಾತ್ರ ಇನ್ನಷ್ಟು ಮಸುಕು. ಕೊನೆಗೆ ದೊಡ್ಡ ಹುಡುಗಿ, "ಆಂಟಿ, ಮನೇಲಿ ಮುಖ್ಯ ತೀರ್ಮಾನ ಯಾರು ತಗೊಳ್ತಾರೆ?" ಅಂದಳು. ಅಷ್ಟರಲ್ಲಿ ಅಣ್ಣ ಟೀ ತಂದ. ಅತ್ತಿಗೆ ಅವನನ್ನು ನೋಡಿದಳು, ಅವನು ಅತ್ತಿಗೆಯನ್ನು ನೋಡಿದ.

"ಅದೊಂದು ಖಾಲಿ ಬುಡಮ್ಮ. ಇನ್ನೂ ತೀರ್ಮಾನ ಆಗಿಲ್ಲ" ಅಂದಳು ಅತ್ತಿಗೆ. ಅಣ್ಣ "ಊಂ" ಅಂದ.

ಅವ್ವ ಉಪ್ಪಿಟ್ಟು ತಂದಳು. ಮೇಲೆ ತುಪ್ಪ. ಆ ದೊಡ್ಡ ಹುಡುಗಿಯ ಎದುರೇ ಕೂತು, ಯಾವೂರು, ಯಾರ ಮಗಳು, ಎಲ್ಲ ಕೇಳಿ ಮುಗಿಸಿ ದನಿ ತಗ್ಗಿಸಿದಳು. "ನಿಂಗೆ ಅಣ್ಣ ಅವನಾ ಕಣಮ್ಮಿ?"

"ಅವ್ನೆ ಆಂಟಿ. ಲೆಕ್ಚರರ್ ಆಗವ್ನೆ."

"ಮದ್ವೆ?"

"ಇನ್ನೂ ಇಲ್ಲ ಆಂಟಿ" ಅಂದಳು ಆ ಪಾಪದ ಹುಡುಗಿ, ಬಾಯಿ ತುಂಬ ಉಪ್ಪಿಟ್ಟು ಇಟ್ಟುಕೊಂಡು.

ಅವ್ವ ನಿಧಾನವಾಗಿ ನನ್ನ ಕಡೆ ತಿರುಗಿದಳು. ಅಣ್ಣನೂ ತಿರುಗಿದ. ಅತ್ತಿಗೆ ಮಾತ್ರ ಏನೂ ಗೊತ್ತಿಲ್ಲದವಳ ಹಾಗೆ ಹುಡುಗಿಯ ತೊಡೆಯ ಮೇಲಿದ್ದ ಪ್ಯಾಡನ್ನು ತೆಗೆದು ನನ್ನ ಕೈಗೆ ಕೊಟ್ಟಳು. ದಾರದಲ್ಲಿ ಪೆನ್ನು ನೇತಾಡುತ್ತಿತ್ತು. ಕೊನೆಯ ಪ್ರಶ್ನೆಯ ಮುಂದೆ ಜಾಗ ಖಾಲಿ ಇತ್ತು. ನಾನು ಅಲ್ಲಿ ದುಂಡಗೆ, ಬಸ್ಸು ನಿಂತಾಗ ಬರೆಯುವ ಅಕ್ಷರದಲ್ಲಿ, ನನ್ನ ಹೆಸರು ಬರೆದು ವಾಪಸು ಕೊಟ್ಟೆ.

ಆಮೇಲೆ ಆ ಹುಡುಗಿಯನ್ನು ಕೇಳಿದೆ, "ನಿಮ್ಮಣ್ಣಂಗೆ ಟೀ ಮಾಡಕ್ಕೆ ಬತ್ತದಾ?"